ಹರಾಜಿನ ಶೇಕಡಾ ಲೆಕ್ಕವೂ ಮನೆಗಳ ಮಾರುಕಟ್ಟೆಯೂ

ಆಸ್ಟ್ರೇಲಿಯಾದ ಸಿಡ್ನಿ, ಮೆಲ್ಬೋರ್ನ್ ನಗರಗಳಲ್ಲಿ ಅನೇಕ ಮನೆಗಳನ್ನು ಶನಿವಾರದ ಬಹಿರಂಗ ಹರಾಜಿನಲ್ಲಿ ಮಾರುವ ರೂಢಿಯುಂಟು. ಹರಾಜಿಗೆ ಬಂದವುಗಳಲ್ಲಿ ನೂರಕ್ಕೆ ಎಷ್ಟು ಮಾರಾಟವಾದುವೆಂಬ ಲೆಕ್ಕವನ್ನೇ ಅಲ್ಲಿಯವರು ಗೃಹಮಾರುಕಟ್ಟೆಯ ಬಲಾಬಲಗಳಿಗೆ ಪ್ರಮಾಣವಾಗಿ ಹಿಡಿಯುತ್ತಾರೆ. ನಮ್ಮಲ್ಲಿಯೂ ಅಭಿವೃದ್ಧಿ ಪ್ರಾಧಿಕಾರಗಳು ಮೂಲೆ ನಿವೇಶನಗಳನ್ನು ಇ-ಹರಾಜಿಗಿಟ್ಟಾಗ, ಇಷ್ಟರಲ್ಲಿ ಇಷ್ಟು ಸೈಟು ಹೋದುವೆಂಬ ವರದಿಯನ್ನೋದಿ ಹಾಗೆಯೇ ತೀರ್ಮಾನಿಸುವ ಅಭ್ಯಾಸ ಬೆಳೆಯುತ್ತಿದೆ. ಈ ನಂಬಿಕೆಯ ಯುಕ್ತಾಯುಕ್ತತೆಯನ್ನು ಹೇಳಲು ತಂಬಾಕು ಬೆಳೆಯುವ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ಸೀಮೆಯವರಿಗಿಂತ ಅರ್ಹರು ವಿರಳ; ಏಕೆಂದರೆ 1984ರಲ್ಲಿ ತಂಬಾಕು ಮಂಡಳಿಯು ಕರ್ನಾಟಕಕ್ಕೆ ಹರಾಜು ಪದ್ಧತಿಯನ್ನು ತಂದಂದಿನಿಂದ ಇಲ್ಲಿನ ಸಹಸ್ರಾರು ಸಂಸಾರಗಳ ವರ್ಷದ ಜೀವನ ಹರಾಜುಕಟ್ಟೆಯಲ್ಲಿಯೇ ನಿರ್ಣಯವಾಗುತ್ತಿದೆ.

ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹರಾಜು ನಡೆಯುವುದನ್ನು ನೋಡಬೇಕು. ಚೀಟಿ ಕಟ್ಟಿದ ಬೇಲುಗಳ ಸಾಲಿನ ನಡುವೆ ಕಂಪನಿಗಳ ಕಡೆಯವರು ಸೊಪ್ಪನ್ನು ಹಿರಿದು, ಬಣ್ಣವನ್ನೂ ಹದವನ್ನೂ ಪರೀಕ್ಷಿಸುತ್ತ ಸಾಗುತ್ತಾರೆ. ಹಿಂದೆ ಬಾಯಲ್ಲಿ ಕೂಗುತ್ತಿದ್ದ ದರವನ್ನು ಈಗ ಕೈಯಂತ್ರದಲ್ಲಿ ಒತ್ತುತ್ತಾರೆ. ಯಾರೂ ಕೇಳದ ಬೇಲು ಮನೆಗೆ ಮರಳಿ, ಬಿಚ್ಚಿ ಮತ್ತೆ ಗ್ರೇಡಾಗಿ, ಇನ್ನೊಂದು ದಿನ ಬರುತ್ತದೆ. ಅಂದು ಅದು ಮಾರಾಟವಾದರೆ ಆ ದಿನದ ಲೆಕ್ಕ ಶೋಭಿಸುತ್ತದೆಯೇ ಹೊರತು ಹಿಂದಿನ ಬಾಡಿಗೆಯೂ ಅಲೆದಾಟವೂ ಅದರಲ್ಲಿ ಕಾಣಿಸವು. ಸೌದೆಯ ಸಾಲ, ಗೊಬ್ಬರದಂಗಡಿಯ ಬಾಕಿ, ಇಟ್ಟರೆ ಕೆಡುವ ಸೊಪ್ಪು ಇವುಗಳಿಗೆ ಅಂಜಿ ರೈತನು ಬಂದ ದರಕ್ಕೆ ಕೊಟ್ಟುಬಿಡುವುದರಿಂದ, ತಂದ ಬೇಲೆಲ್ಲ ಹೋದ ದಿನವೇ ಅವನಿಗೆ ಅತ್ಯಂತ ನಷ್ಟದ ದಿನವಾಗಿರಬಹುದು. ದರ ಕುಸಿಯಿತೆಂದು ರೈತರು ಹರಾಜನ್ನು ನಿಲ್ಲಿಸಿದ ದಿನ ಮಾರಾಟ ಶೂನ್ಯ. ಆದರೆ ಅದರಿಂದ ಹೊಗೆಸೊಪ್ಪಿಗೆ ಗಿರಾಕಿಯೇ ಇಲ್ಲವೆಂದು ಯಾರೂ ಹೇಳರು.

ಮನೆಗಳ ವಿಷಯದಲ್ಲಿ ಭ್ರಾಂತಿಗೆ ಇನ್ನೂ ಹೆಚ್ಚಿನ ಅವಕಾಶವಿದೆ. ಸಾಲ ತೀರದ ಮನೆಯನ್ನು ಬ್ಯಾಂಕು 2002ರ ಸರ್ಫೇಸಿ ಕಾಯಿದೆಯಂತೆ ಹರಾಜಿಗಿಟ್ಟಾಗ, ಗೆದ್ದವನು ಬೆಲೆಯ ಕಾಲುಭಾಗವನ್ನು ಕೂಡಲೇ ಕಟ್ಟಿ, ಉಳಿದುದನ್ನು ಸಾಮಾನ್ಯವಾಗಿ 15 ದಿನಗಳೊಳಗೆ ಹೊಂದಿಸತಕ್ಕದ್ದು. ಸಂಬಳದ ಮೇಲೆ ಸಾಲವೆತ್ತಿ ಮನೆ ಕೊಳ್ಳಬೇಕಾದ ಶಿಕ್ಷಕನಿಗಾಗಲಿ ಗುಮಾಸ್ತನಿಗಾಗಲಿ ಇದು ದುಸ್ಸಾಧ್ಯವಾದುದರಿಂದ, ಅಂಥ ಮನೆ ಮಾರಾಟವಾಗದೆ ಉಳಿದರೆ ಅದು ಕೈಯಲ್ಲಿ ನಗದಿಲ್ಲದ್ದರ ಗುರುತೇ ಹೊರತು ಮನೆ ಬೇಡವೆಂಬುದರ ಗುರುತಲ್ಲ. ಮುಂದೆ ಮೀಸಲು ಬೆಲೆಯನ್ನು ಇಳಿಸಿದೊಡನೆ ಅದೇ ಮನೆ ಹೋಗುತ್ತದೆ. ಬೆಲೆ ಬಿದ್ದಿತು, ಶೇಕಡಾವಾರು ಏರಿತು. ಮಾರುಕಟ್ಟೆ ದುರ್ಬಲವಾದಂತೆಯೇ ಏರಬಲ್ಲ ಅಂಕಿಯನ್ನು ಬಲದ ಮಾಪನವೆನ್ನುವುದು ಹೇಗೆ?

ಅದೂ ಅಲ್ಲದೆ, ಕೆ.ಆರ್.ನಗರದಲ್ಲಾಗಲಿ ಹುಣಸೂರಿನಲ್ಲಾಗಲಿ ಕೈಬದಲಾಗುವ ಮನೆಗಳಲ್ಲಿ ಬಹುಪಾಲು ಹರಾಜಿನ ಮುಖವನ್ನೇ ಕಾಣವು. ಬ್ರೋಕರ್ ಮಾತು, ಮುಂಗಡ, ಅಗ್ರಿಮೆಂಟು, ಕೊನೆಗೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ಎಂಬ ದಾರಿಯಲ್ಲಿ ಅವು ಸಾಗುತ್ತವೆ. ಅಗ್ರಿಮೆಂಟಿಗೂ ಕ್ರಯಕ್ಕೂ ನಡುವಿನ ಅಂತರ ಬೆಳೆಯುತ್ತಿದೆಯೇ, ಮುಂಗಡ ಕೊಟ್ಟವರು ಹಿಂಜರಿಯುತ್ತಿದ್ದಾರೆಯೇ, ಭೋಗ್ಯದ ಹಣ ಏರುತ್ತಿದೆಯೇ, ಆ ವರ್ಷ ತಂಬಾಕಿನ ಸರಾಸರಿ ದರವೆಷ್ಟು ಎಂಬ ಪ್ರಶ್ನೆಗಳಿಗೆ ದೊರೆಯುವ ಉತ್ತರವೇ ನನ್ನ ಮಟ್ಟಿಗೆ ಹೆಚ್ಚು ವಿಶ್ವಾಸಾರ್ಹ.

ಹರಾಜಿನ ಶೇಕಡಾ ಲೆಕ್ಕ ನಿರರ್ಥಕವೆಂದು ನಾನು ಹೇಳುವುದಿಲ್ಲ. ಒಂದೇ ಊರಿನ, ಒಂದೇ ಬಗೆಯ ಸೈಟುಗಳಲ್ಲಿ ಅದು ಸತತವಾಗಿ ಇಳಿಯುತ್ತಿದ್ದರೆ, ಮಾರುವವನ ಆಸೆಗೂ ಕೊಳ್ಳುವವನ ಶಕ್ತಿಗೂ ನಡುವೆ ಕಂದಕವೇರ್ಪಡುತ್ತಿದೆಯೆಂಬ ಸುದ್ದಿ ಅದರಿಂದ ಬೇಗನೆ ತಿಳಿಯುತ್ತದೆ. ಆದರೆ ಪ್ರಾಧಿಕಾರಗಳು ಆ ಒಂದು ಅಂಕಿಯನ್ನಷ್ಟೇ ಪ್ರಕಟಿಸಿ ಸುಮ್ಮನಾಗಬಾರದು. ಪ್ರತಿಯೊಂದು ಸೈಟಿಗೂ ಎಷ್ಟು ಜನ ಕೂಗಿದರು, ಮೂಲ ಬೆಲೆಯೇನಿತ್ತು, ಎಷ್ಟು ಸೈಟುಗಳು ಹಿಂದಿನ ಹರಾಜಿನಲ್ಲಿ ಬಿದ್ದು ಮತ್ತೆ ಬಂದುವು, ಗೆದ್ದವರಲ್ಲಿ ಎಷ್ಟು ಮಂದಿ ಉಳಿಕೆ ಹಣವನ್ನು ಕಟ್ಟದೆ ಹೋದರು ಎಂಬ ವಿವರಗಳನ್ನೂ ಅದರೊಡನೆ ಜನರ ಮುಂದಿಡಬೇಕು.