ಮಗನಿಗೆ ಕನಿಕರ, ತಾಯಿಗೆ ಕತ್ತಿ

ಕೆಲವು ತಿಂಗಳ ಹಿಂದೆ ಒಂದು ವಿಚಾರಸಂಕಿರಣದಲ್ಲಿ ನನ್ನ ಓರಗೆಯ ಸಂಶೋಧಕರೊಬ್ಬರು ಹಳೆಯ ಇಂಗ್ಲಿಷಿನ ‘ಬೇವುಲ್ಫ್’ ಕಾವ್ಯದ ಬಗ್ಗೆ ಪ್ರಬಂಧ ಓದಿದರು. ಅದರಲ್ಲಿ ಬರುವ ನರಭಕ್ಷಕ ಗ್ರೆಂಡೆಲ್ ಹುಟ್ಟು ದುಷ್ಟನಲ್ಲ, ಊರಾಚೆ ಇಟ್ಟವನು, ಅವನದು ಅನಾಥಪ್ರಜ್ಞೆ ಎಂಬುದು ಅವರ ವಾದ. ಚೆನ್ನಾಗಿಯೇ ಓದಿದರು. ಪ್ರಶ್ನೋತ್ತರದ ವೇಳೆ ಹಿಂದಿನ ಸಾಲಿನಿಂದ ಎಂ.ಎ. ವಿದ್ಯಾರ್ಥಿನಿಯೊಬ್ಬಳು ಎದ್ದು, “ಸರ್, ಅವನಿಗೆ ಅಮ್ಮ ಇದ್ದಾಳಲ್ಲ, ಅನಾಥ ಹೇಗಾಗ್ತಾನೆ?” ಎಂದಳು. ಸಭೆ ನಕ್ಕಿತು. ಪ್ರಬಂಧ ಓದಿದವರೂ ನಕ್ಕು, “ಅದು ಬೇರೆ ವಿಷಯ. ಅವಳಿಗೆ ಕಾವ್ಯದಲ್ಲಿ ಹೆಸರೂ ಇಲ್ಲ” ಎಂದು ಮುಂದಿನ ಪ್ರಶ್ನೆಗೆ ಹೋದರು. ನಕ್ಕವರಲ್ಲಿ ನಾನೂ ಇದ್ದೆ. ಮನೆಗೆ ಬಂದು ಕಾವ್ಯವನ್ನು ಮತ್ತೆ ತೆರೆದ ಮೇಲೆ ಆ ನಗು ನಾಚಿಕೆಯಾಯಿತು.

ರಾಕ್ಷಸರ ಮೇಲೆ ಕನಿಕರ ತೋರುವುದು ಇಂದಿನ ಮರುಕಥನಗಳ ದೊಡ್ಡ ಹೆಮ್ಮೆ. ಸೋತವನ ಕಡೆಯಿಂದ ಕತೆ ಹೇಳುತ್ತೇವೆ, ಕಾಡಿನವನಿಗೆ ಮಾತು ಕೊಡುತ್ತೇವೆ ಎನ್ನುತ್ತೇವೆ. ಸರಿ. ಆದರೆ ಆ ಕನಿಕರ ಯಾರ ಮನೆಬಾಗಿಲಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಿದವರು ಕಡಿಮೆ. ಅದು ಬಹುಪಾಲು ಗಂಡುಮಕ್ಕಳ ಮನೆಗೇ ಹೋಗುತ್ತದೆ. ಮಗನನ್ನು ಮನುಷ್ಯನನ್ನಾಗಿ ಮಾಡುವ ಹೊತ್ತಿಗೆ ಅವನಿಂದ ತೆಗೆದ ರಾಕ್ಷಸತನವನ್ನು ತಾಯಿಯ ತಲೆಗೆ ಕಟ್ಟುತ್ತೇವೆ. ಇದು ನನ್ನ ತಕರಾರು.

ಮೊದಲು ಕಾವ್ಯ ಏನು ಹೇಳುತ್ತದೆ ನೋಡೋಣ. ‘ಬೇವುಲ್ಫ್’ 3182 ಸಾಲುಗಳ ಕಾವ್ಯ. ಉಳಿದಿರುವುದು ಒಂದೇ ಹಸ್ತಪ್ರತಿ. ಅದೂ 1731ರ ಬೆಂಕಿಯಲ್ಲಿ ಅಂಚು ಸುಟ್ಟುಕೊಂಡು ಪಾರಾದದ್ದು. ದೊರೆ ಹ್ರೋತ್‌ಗಾರನ ಸಭಾಭವನಕ್ಕೆ ಗ್ರೆಂಡೆಲ್ 12 ವರ್ಷ ನುಗ್ಗಿ ಜನರನ್ನು ತಿನ್ನುತ್ತಾನೆ. ವೀರ ಬೇವುಲ್ಫ್ ಬಂದು ಅವನ ತೋಳನ್ನೇ ಕಿತ್ತುಬಿಡುತ್ತಾನೆ. ಆ ತೋಳನ್ನು ಭವನದಲ್ಲಿ ಎಲ್ಲರೂ ನೋಡುವಂತೆ ತೂಗುಹಾಕುತ್ತಾರೆ. ಗ್ರೆಂಡೆಲ್ ತನ್ನ ಕೊಳಕ್ಕೆ ಓಡಿಹೋಗಿ ಸಾಯುತ್ತಾನೆ. ಮರುರಾತ್ರಿ ತಾಯಿ ಬರುತ್ತಾಳೆ. ಆ ಭವನದ ಮೇಲೆ ಅವಳು ಬೀಳುವುದು ಅದೊಂದೇ ಸಲ. ಕೊಲ್ಲುವುದು ಒಬ್ಬನನ್ನು: ದೊರೆಯ ಆಪ್ತ ಆಶ್‌ಹೆರೆಯನ್ನು. ಮಗನ ತೋಳನ್ನು ಇಳಿಸಿಕೊಂಡು ಹೊರಟುಹೋಗುತ್ತಾಳೆ. ಒಂದು ಜೀವಕ್ಕೆ ಒಂದು ಜೀವ. ಅದು ಆ ಕಾಲದ ಕುಲದ್ವೇಷದ ಕಟ್ಟಳೆ. ಅವಳು ಸೇಡು ತೀರಿಸಿಕೊಂಡಳು ಎಂಬುದನ್ನು ಸ್ವತಃ ಹ್ರೋತ್‌ಗಾರ್ ಒಪ್ಪುತ್ತಾನೆ. ಆಶ್‌ಹೆರೆಗಾಗಿ ಅಳುತ್ತಿದ್ದ ಆ ಮುದಿ ದೊರೆಗೆ ಬೇವುಲ್ಫ್ ಹೇಳುವ ಸಮಾಧಾನವೇನು? ಗೋಳಾಡುವುದಕ್ಕಿಂತ ಸೇಡು ತೀರಿಸುವುದು ಮೇಲು ಎಂಬರ್ಥದ ಮಾತು. ಹಿಂದಿನ ರಾತ್ರಿ ಆ ತಾಯಿ ಮಾಡಿದ್ದೂ ಅದನ್ನೇ. ಒಂದೇ ನೀತಿ ಅವನಲ್ಲಿ ವೀರಧರ್ಮ, ಅವಳಲ್ಲಿ ಪೈಶಾಚಿಕತೆ.

ಇನ್ನೊಂದು ಸಂಗತಿ. ಆ ತಾಯಿ ಬರುವುದಕ್ಕೆ ತುಸು ಮುಂಚೆ ಅದೇ ಭವನದಲ್ಲಿ ಗಾಯಕನೊಬ್ಬ ಹಿಲ್ಡೆಬುರ್ ಎಂಬ ರಾಣಿಯ ಕತೆ ಹಾಡುತ್ತಾನೆ. ತವರಿನವರಿಗೂ ಗಂಡನ ಕಡೆಯವರಿಗೂ ನಡೆದ ಕಾಳಗದಲ್ಲಿ ಅವಳು ಅಣ್ಣತಮ್ಮ, ಮಗ ಇಬ್ಬರನ್ನೂ ಕಳೆದುಕೊಂಡು, ಒಂದೇ ಚಿತೆಯಲ್ಲಿಟ್ಟು ಅಳುತ್ತಾಳೆ. ಅದರ ಬೆನ್ನಿಗೇ ಮಗನನ್ನು ಕಳೆದುಕೊಂಡ ಇನ್ನೊಬ್ಬ ತಾಯಿ ಬಾಗಿಲಿಗೆ ಬರುತ್ತಾಳೆ. ಇವಳು ಅಳಲು ಬಂದವಳಲ್ಲ. ಸಾವಿರ ವರ್ಷದ ಹಿಂದಿನ ಕವಿ ಈ ಇಬ್ಬರು ತಾಯಂದಿರನ್ನು ಅಕ್ಕಪಕ್ಕ ನಿಲ್ಲಿಸಿದ್ದಾನೆ. ಆ ಪಕ್ಕಪಕ್ಕವನ್ನು ನಾವು ಓದದೆ ಬಿಟ್ಟೆವು.

ಬಿಟ್ಟದ್ದಷ್ಟೇ ಅಲ್ಲ, ಪದದಲ್ಲೂ ಮೋಸ ಮಾಡಿದೆವು. ಮೂಲದಲ್ಲಿ ಅವಳನ್ನು ‘ಆಗ್ಲಾಕ್‌ವೀಫ್’ ಎಂದು ಕರೆದಿದೆ. ‘ವೀಫ್’ ಎಂದರೆ ಹೆಂಗಸು. ‘ಆಗ್ಲಾಕ’ ಎಂಬುದು ಗ್ರೆಂಡೆಲ್‌ಗೆ ಬಳಕೆಯಾದ ಪದ. ಸಿಗೆಮುಂಡ್ ಎಂಬ ಹಳೆಯ ವೀರನಿಗೂ ಬಳಕೆಯಾಗಿದೆ. ಕೊನೆಯ ಕಾಳಗದಲ್ಲಿ ಬೇವುಲ್ಫ್ ಮತ್ತು ಡ್ರ್ಯಾಗನ್ ಇಬ್ಬರನ್ನೂ ಸೇರಿಸಿ ಹೇಳುವಾಗಲೂ ಅದೇ ಪದ. ಅಂದರೆ ಭಯಂಕರ ಎದುರಾಳಿ, ಉಗ್ರ ಕಾದಾಳು ಎಂಬ ಅರ್ಥ ಅದಕ್ಕೆ ಸಲ್ಲುತ್ತದೆ. ಆದರೆ ಕಳೆದ ಶತಮಾನದ ನಿಘಂಟುಗಳಲ್ಲಿ, ಅನುವಾದಗಳಲ್ಲಿ ಅದು ಗಂಡಿಗೆ ಬಂದರೆ ವೀರ, ಇವಳಿಗೆ ಬಂದರೆ ದರಿದ್ರ ಪಿಶಾಚಿ. 1979ರಲ್ಲಿ ಷರ್ಮನ್ ಕೂನ್ ಎಂಬ ವಿದ್ವಾಂಸರು ಇವಳನ್ನು ಕಾದಾಳು ಹೆಂಗಸು ಎಂದು ಓದಬೇಕೆಂದು ವಾದಿಸುವವರೆಗೆ ಈ ತಾರತಮ್ಯ ಹೆಚ್ಚಿನವರ ಕಣ್ಣಿಗೆ ಬೀಳಲೇ ಇಲ್ಲ. ಟೋಲ್ಕಿನ್ 1936ರಲ್ಲಿ ಈ ಕಾವ್ಯದ ರಾಕ್ಷಸರ ಪರವಾಗಿ ಪ್ರಸಿದ್ಧ ಉಪನ್ಯಾಸ ಕೊಟ್ಟರು. ಅಲ್ಲಿಯೂ ತೂಕವೆಲ್ಲ ಗ್ರೆಂಡೆಲ್‌ಗೆ ಮತ್ತು ಡ್ರ್ಯಾಗನ್‌ಗೆ. ನಡುವೆ ನಿಂತ ತಾಯಿಗೆ ಸಿಕ್ಕ ಜಾಗ ತೀರಾ ಕಡಿಮೆ.

ಈಗ ಮರುಕಥನಗಳಿಗೆ ಬನ್ನಿ. ಜಾನ್ ಗಾರ್ಡ್‌ನರ್ 1971ರಲ್ಲಿ ‘ಗ್ರೆಂಡೆಲ್’ ಕಾದಂಬರಿ ಬರೆದರು. ರಾಕ್ಷಸನೇ ಕತೆ ಹೇಳುತ್ತಾನೆ. ಒಂಟಿತನ, ಬದುಕಿನ ಅರ್ಥಹೀನತೆ ಎಲ್ಲದರ ಬಗ್ಗೆ ತತ್ತ್ವಜ್ಞಾನಿಯ ಹಾಗೆ ಮಾತಾಡುತ್ತಾನೆ. ಅವನ ತಾಯಿಗೆ? ಮಾತೇ ಇಲ್ಲ. ಗುಹೆಯೊಳಗೆ ಎಲುಬುಗಳ ನಡುವೆ ಬಿದ್ದುಕೊಂಡ, ಗುರುಗುಟ್ಟುವ ಕೊಬ್ಬಿನ ಮುದ್ದೆ ಅವಳು. ಮಗನಿಗೆ ನಾಲಗೆ ಕೊಡಲು ತಾಯಿಯ ನಾಲಗೆ ಕಿತ್ತರು. 2007ರಲ್ಲಿ ರಾಬರ್ಟ್ ಜೆಮೆಕಿಸ್ ಸಿನಿಮಾ ಮಾಡಿದರು. ಅಲ್ಲಿ ಗ್ರೆಂಡೆಲ್ ನೋವುಂಡ, ಅಪ್ಪ ಕೈಬಿಟ್ಟ ಮಗ. ತಾಯಿ ಮೈಯೆಲ್ಲ ಚಿನ್ನ ಸುರಿಯುವ ಮೋಹಿನಿ; ರಾಜರನ್ನು ಮರುಳುಮಾಡಿ ಕೆಡಿಸುವುದೇ ಅವಳ ಕೆಲಸ. ಕಾವ್ಯದಲ್ಲಿ ಮಗನಿಗಾಗಿ ಬಂದವಳು ಇಲ್ಲಿ ಗಂಡಸರ ಪಾಪಕ್ಕೆಲ್ಲ ಮೂಲ.

ಇದು ಪರದೇಶದ ರೋಗ ಎಂದು ನಾವು ಸುಮ್ಮನಿರುವಂತಿಲ್ಲ. ಎದುರಾಳಿಗೆ ಮರುಗುವ ಕಲೆಯಲ್ಲಿ ಕನ್ನಡ ಯಾರಿಗೂ ಕಮ್ಮಿಯಿಲ್ಲ. ರನ್ನ ದುರ್ಯೋಧನನಿಗೆ ಘನತೆ ಕೊಟ್ಟ. ನಾಗಚಂದ್ರನ ರಾವಣ ಕೊನೆಗೆ ಪಶ್ಚಾತ್ತಾಪಪಡುತ್ತಾನೆ. ನಮ್ಮ ವಿಮರ್ಶೆ ಅವನನ್ನು ದುರಂತನಾಯಕ ಎಂದು ಕೊಂಡಾಡಿತು. 2019ರ ‘ಕುರುಕ್ಷೇತ್ರ’ ಸಿನಿಮಾದಲ್ಲಿ ದುರ್ಯೋಧನನೇ ನಾಯಕ. ಎಲ್ಲವೂ ಒಳ್ಳೆಯದೇ. ಆದರೆ ರಾವಣನ ತಾಯಿ ಕೈಕಸಿಯ ಬಗ್ಗೆ ನಮಗೇನು ಗೊತ್ತು? ವಾಲ್ಮೀಕಿಯ ಹೆಸರಿನ ಉತ್ತರಕಾಂಡದ ಪ್ರಕಾರ ಅವಳು ಹೊತ್ತಲ್ಲದ ಹೊತ್ತಿನಲ್ಲಿ ಋಷಿಯ ಬಳಿ ಹೋದಳು, ಅದಕ್ಕೇ ಕ್ರೂರಿಗಳಾದ ಮಕ್ಕಳು ಹುಟ್ಟಿದರು. ಮಗ ರಾಕ್ಷಸನಾದದ್ದು ತಾಯಿ ಹೊತ್ತು ನೋಡದೆ ಹೋದದ್ದರಿಂದ!

ಹಿಡಿಂಬೆಯ ಕತೆ ಇನ್ನೂ ಕಟು. ಅವಳು ಭೀಮನನ್ನು ಮೆಚ್ಚಿ, ಕುಂತಿಯ ಒಪ್ಪಿಗೆ ಪಡೆದು ಮದುವೆಯಾದಳು. ಮಗ ಹುಟ್ಟಿದ ಮೇಲೆ, ಮಾತು ಕೊಟ್ಟಂತೆ ಬಿಟ್ಟು ಹೋದಳು. ಆ ಮಗ ಪಾಂಡವರು ನೆನೆದಾಗಲೆಲ್ಲ ಬಂದ. ವನವಾಸದಲ್ಲಿ ದಣಿದ ದ್ರೌಪದಿಯನ್ನು ಬೆಟ್ಟದ ಮೇಲೆ ಹೊತ್ತು ನಡೆದ. ಯುದ್ಧದ 14ನೆಯ ದಿನದ ರಾತ್ರಿ, ಅರ್ಜುನನಿಗಾಗಿ ಕಾದಿಟ್ಟಿದ್ದ ಶಕ್ತ್ಯಾಯುಧವನ್ನು ಕರ್ಣ ಅವನ ಮೇಲೆ ಬಿಟ್ಟ. ಘಟೋತ್ಕಚ ಸತ್ತಾಗ ವ್ಯಾಸಭಾರತದ ಕೃಷ್ಣ ಸಂತೋಷದಿಂದ ಕುಣಿಯುತ್ತಾನೆ. ಇವನನ್ನು ಕರ್ಣ ಕೊಲ್ಲದಿದ್ದರೆ ಮುಂದೆ ತಾನೇ ಕೊಲ್ಲಬೇಕಾಗುತ್ತಿತ್ತು ಎಂದೂ ಹೇಳುತ್ತಾನೆ. ಭೀಮ, ಧರ್ಮರಾಯ ಅಳುತ್ತಾರೆ. ಹಿಡಿಂಬೆಗೆ ಸುದ್ದಿ ಯಾರು ಮುಟ್ಟಿಸಿದರು? ಸ್ತ್ರೀಪರ್ವದಲ್ಲಿ ರಣರಂಗಕ್ಕೆ ಬಂದು ಅಳುವ ಹೆಂಗಸರ ಸಾಲಿನಲ್ಲಿ ಅವಳಿಲ್ಲ. ನಾವೋ, ‘ಮಾಯಾಬಜಾರ್’ನಲ್ಲಿ ಲಾಡು ನುಂಗುವ ಮಗನನ್ನು ಮುದ್ದು ಮಾಡಿ, ತಾಯಿಯ ಹೆಸರನ್ನು ಗಟ್ಟಿಗಿತ್ತಿ ಹೆಂಗಸರನ್ನು ಬೈಯಲು ಇಟ್ಟುಕೊಂಡಿದ್ದೇವೆ.

ಅದೇ ಸ್ತ್ರೀಪರ್ವದಲ್ಲಿ ಗಾಂಧಾರಿ ಇದ್ದಾಳೆ. ಕಣ್ಣಪಟ್ಟಿಯ ಸಂದಿನ ನೋಟಕ್ಕೆ ಧರ್ಮರಾಯನ ಉಗುರು ಸುಟ್ಟುಹೋಗುತ್ತದೆ. 36 ವರ್ಷದ ನಂತರ ಯಾದವ ಕುಲವೇ ನಾಶವಾಗಲಿ ಎಂದು ಅವಳು ಕೃಷ್ಣನನ್ನು ಶಪಿಸುತ್ತಾಳೆ, ಹಾಗೆಯೇ ಆಗುತ್ತದೆ. ಗ್ರೆಂಡೆಲ್‌ನ ತಾಯಿ ಒಬ್ಬನನ್ನು ಕೊಂದಳು. ಗಾಂಧಾರಿಯ ಸಿಟ್ಟಿಗೆ ಒಂದು ಕುಲವೇ ಹೋಯಿತು. ನಾವು ಗಾಂಧಾರಿಯನ್ನು ರಾಕ್ಷಸಿ ಎನ್ನಲಿಲ್ಲ, ಎನ್ನಲೂಬಾರದು. ಅವಳ ಸಿಟ್ಟು ತಪಸ್ಸಿನ ಬಲ ಎಂದೆವು. ಹಾಗಾದರೆ ತಾಯಿಯನ್ನು ರಾಕ್ಷಸಿ ಮಾಡುವುದು ಅವಳು ಸುರಿಸಿದ ರಕ್ತವಲ್ಲ. ಅವಳು ಅರಮನೆಯವಳೋ ಕೊಳದ ತಳದವಳೋ ಎಂಬುದೇ ತೀರ್ಪು.

ಇಲ್ಲಿ ನನ್ನ ಕಡೆಯವರ ಜೊತೆಗೂ ಒಂದು ಜಗಳವಿದೆ. ಸ್ತ್ರೀವಾದಿ ಮರುಕಥನಗಳು ರಾಕ್ಷಸಿಯರನ್ನು ಕೈಹಿಡಿದು ಕರೆತಂದಿವೆ, ನಿಜ. ಆದರೆ ಬರುವಾಗ ಬಹಳಷ್ಟು ಸಲ ಅವರ ಕೈಯ ಕತ್ತಿ ಕಿತ್ತಿಟ್ಟು, ಕಣ್ಣಿಗೆ ನೀರು ತುಂಬಿ, ಅವಳು ನಿಜಕ್ಕೂ ಒಳ್ಳೆಯ ತಾಯಿ ಎಂಬ ಪ್ರಮಾಣಪತ್ರ ಕೊರಳಿಗೆ ಕಟ್ಟಿ ತಂದಿವೆ. ಪೂತನಿಯನ್ನು ನೆನೆಯಿರಿ. ಕೊಲ್ಲಲು ಬಂದವಳಿಗೂ ಸದ್ಗತಿ ಸಿಕ್ಕಿತು, ಯಾಕೆಂದರೆ ಮೊಲೆಯೂಡಿದಳು ಎನ್ನುತ್ತದೆ ಭಾಗವತ. ನಮ್ಮ ಹೊಸ ಕನಿಕರವೂ ಅದೇ ಷರತ್ತು ಹಾಕುತ್ತಿದೆ: ಹಾಲು ಕೊಟ್ಟರೆ ಮಾತ್ರ ಮಾಫಿ. ನಮಗೆ ತಾಯಿ ಎಂದರೆ ಇನ್ನೂ ಮಾತಿಗೆ ತಪ್ಪದೆ ಹುಲಿಯ ಬಾಯಿಗೆ ಹೋಗುವ ಪುಣ್ಯಕೋಟಿ. ಆ ಹಾಡಲ್ಲೂ ಪಶ್ಚಾತ್ತಾಪದ ದೊಡ್ಡ ದೃಶ್ಯ ಹುಲಿಗೇ ಸಲ್ಲುತ್ತದೆ. ಮಾರಿಯಾ ದಾವಾನಾ ಹೆಡ್ಲಿ 2018ರ ‘ದಿ ಮಿಯರ್ ವೈಫ್’ ಕಾದಂಬರಿಯಲ್ಲಿ ಗ್ರೆಂಡೆಲ್‌ನ ತಾಯಿಯನ್ನು ಯುದ್ಧದಿಂದ ಮರಳಿದ ಸೈನಿಕಳನ್ನಾಗಿಸಿ, ಡೇನಾ ಎಂಬ ಹೆಸರಿಟ್ಟರು. ಅವಳು ಪ್ರೀತಿಸುತ್ತಾಳೆ, ಕೊಲ್ಲಲೂ ಬಲ್ಲಳು. ಇಂಥವು ಬೆರಳೆಣಿಕೆಯಷ್ಟು.

ಕೊಲೆಗಾರ್ತಿಯನ್ನು ಸಮರ್ಥಿಸುತ್ತೀರಾ ಎಂದು ಕೇಳುವವರಿದ್ದಾರೆ. ಇಲ್ಲ. ಆಶ್‌ಹೆರೆ ಮುಗ್ಧನೋ ಅಲ್ಲವೋ, ಅವನ ಸಾವು ಸಾವೇ. ಅವಳನ್ನು ನಿರಪರಾಧಿ ಮಾಡಿ ಎಂದು ನಾನು ಕೇಳುತ್ತಿಲ್ಲ. ಬೇವುಲ್ಫ್‌ನ ಕೊಲೆಗಳಿಗೆ ಕಾರಣ ಹುಡುಕುವಷ್ಟು ತಾಳ್ಮೆಯಿಂದ ಅವಳ ಕೊಲೆಗೂ ಕಾರಣ ಹುಡುಕಿ ಎನ್ನುತ್ತಿದ್ದೇನೆ. ಅಳುವ ತಾಯಿಗೆ ಮರುಗುವುದು ಸುಲಭ. ಅಳು ನಿಲ್ಲಿಸಿ ಎದ್ದು ಬಂದ ತಾಯಿಯ ಎದುರು ಕೂತು ಅವಳ ನ್ಯಾಯ ಕೇಳುವುದು ಕಷ್ಟ. ಸಾಹಿತ್ಯ ಆ ಕಷ್ಟಕ್ಕಾಗಿ ತಾನೇ ಇರುವುದು?

ನಮ್ಮ ಬೀದಿಯಲ್ಲಿ ಒಬ್ಬರಿದ್ದರು. ನಾನು ಎಂಟನೆಯ ಕ್ಲಾಸಿನಲ್ಲಿದ್ದಾಗ ಅವರ ಮಗ ಗಾರೆ ಕೆಲಸಕ್ಕೆ ಹೋದವನು ಕಟ್ಟಡದಿಂದ ಬಿದ್ದು ಸತ್ತ. ಮೊದಲ ಹದಿನೈದು ದಿನ ಬೀದಿಯವರೆಲ್ಲ ಅವರ ಮನೆಗೆ ಅನ್ನ ಸಾರು ಕಳಿಸಿದರು. ಆಮೇಲೆ ಅವರು ಅಳುವುದು ಬಿಟ್ಟು, ದಿನಾ ಬೆಳಗ್ಗೆ ಕಂಟ್ರಾಕ್ಟರನ ಮನೆ ಮುಂದೆ ಹೋಗಿ ಹಿಡಿಮಣ್ಣು ತೂರಿ ಶಾಪ ಹಾಕತೊಡಗಿದರು. ಅವನ ಮಕ್ಕಳನ್ನೂ ಬಿಡಲಿಲ್ಲ. ಅನ್ನ ಸಾರು ನಿಂತಿತು. “ಹಿಡಿಂಬಿ ಬಂದ್ಲು” ಎಂದು ನಾವು ಹುಡುಗರು ಗೇಟಿನೊಳಗೆ ಓಡುತ್ತಿದ್ದೆವು. ಈ ಲೇಖನ ಬರೆಯುವಾಗ ಅವರ ನಿಜವಾದ ಹೆಸರೇನೆಂದು ಅಮ್ಮನಿಗೆ ಫೋನು ಮಾಡಿ ಕೇಳಿದೆ. ಹುಡುಗನ ಹೆಸರು ಅಮ್ಮನ ನೆನಪಿನಲ್ಲಿತ್ತು. ತಾಯಿಯದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. “ಸತ್ತನಲ್ಲ, ಆ ಹುಡುಗನ ತಾಯಿ ಅಂತಲೇ ಎಲ್ಲರೂ ಕರೀತಿದ್ದದ್ದು ಕಣೋ” ಎಂದರು.