ಆರೋಗ್ಯ ವಿಚಾರ: ದೊಡ್ಡ ಕರುಳಿನ ದರ್ಶನ

ಗೊರೂರಿನ ನಮ್ಮ ಹಿರಿಯ ಮಿತ್ರರೊಬ್ಬರಿಗೆ ಒಂದು ವರುಷದಿಂದ ಮಲದೊಡನೆ ರಕ್ತ ಬೀಳುತ್ತಿದ್ದಿತು. ಮೂಲವ್ಯಾಧಿಯೆಂದು ತಾವೇ ನಿಶ್ಚಯಿಸಿಕೊಂಡು, ಮನೆಯವರಿಗೂ ಹೇಳದೆ ಸುಮ್ಮನಿದ್ದರು. ವೈದ್ಯರು ಕೊಲೊನೊಸ್ಕೋಪಿ ಆಗಬೇಕೆಂದಾಗ, “ಈ ವಯಸ್ಸಿನಲ್ಲಿ ಇದೆಂಥ ಮಾನಗೇಡು?” ಎಂದು ನಮ್ಮಲ್ಲಿ ಬಂದು ನೊಂದುಕೊಂಡರು. ಅವರಿಗೆ ಹೇಳಿದುದನ್ನೇ ವಾಚಕರಿಗೂ ಅರಿಕೆಮಾಡುತ್ತೇವೆ.

ಸಣ್ಣ ಕರುಳು ಸುಮಾರು 20 ಅಡಿ, ದೊಡ್ಡ ಕರುಳು ಸುಮಾರು 5 ಅಡಿ ಉದ್ದವಿರುವುವು. ದೊಡ್ಡ ಕರುಳು ಹೊಟ್ಟೆಯ ಬಲಗೆಳಭಾಗದಲ್ಲಿ ಆರಂಭವಾಗಿ, ಮೇಲೇರಿ, ಅಡ್ಡಹಾಯ್ದು, ಎಡಗಡೆ ಇಳಿದು ಮಲಾಶಯವನ್ನು ಸೇರುವುದು. ಆಹಾರಶೇಷದ ನೀರನ್ನು ಹೀರಿ ಮಲವನ್ನು ಗಟ್ಟಿಮಾಡುವುದು ಇದರ ಮುಖ್ಯ ಕಾರ್ಯ. ವಯಸ್ಸಾದಂತೆ ಕೆಲವರಿಗೆ ಇದರ ಒಳಪೊರೆಯಲ್ಲಿ ಪಾಲಿಪ್ ಎಂಬ ಸಣ್ಣ ಗಂಟುಗಳು ಏಳುವುವು. ಬಹುಪಾಲು ನಿರುಪದ್ರವಿಗಳು, ಆದರೆ ಕೆಲವು ಹಲವು ವರುಷಗಳಲ್ಲಿ ಅರ್ಬುದವಾಗಿ, ಎಂದರೆ ಕ್ಯಾನ್ಸರಾಗಿ, ತಿರುಗುವುವು. ರಕ್ತವು ಮೂಲವ್ಯಾಧಿಯದೋ ಈ ಗಂಟುಗಳದೋ ಎಂಬುದನ್ನು ರೋಗಿಯು ತಾನೇ ನಿರ್ಣಯಿಸಲಾರನು.

ಒಳಗಣ್ಣಿಟ್ಟು ನೋಡುವ ಕ್ರಮ ನಮ್ಮ ಪೂರ್ವಿಕರಿಗೆ ನಾಚಿಕೆಯದಾಗಿರಲಿಲ್ಲ. ಸುಶ್ರುತಸಂಹಿತೆಯಲ್ಲಿ ಹಸುವಿನ ಮೊಲೆಯಾಕಾರದ, ನಾಲ್ಕಂಗುಲ ಉದ್ದದ ಅರ್ಶೋಯಂತ್ರವು ಹೇಳಲ್ಪಟ್ಟಿದೆ. ನೋಡುವುದಕ್ಕೆ ಎರಡು ರಂಧ್ರದ್ದು, ಚಿಕಿತ್ಸೆಗೆ ಒಂದು ರಂಧ್ರದ್ದು. 1969ರಲ್ಲಿ ನ್ಯೂಯಾರ್ಕಿನ ವೈದ್ಯರಾದ ವುಲ್ಫ್ ಮತ್ತು ಶಿನ್ಯಾ ಅವರು ಬಾಗುವ ನಳಿಕೆಯ ಮೂಲಕ ತಂತಿಯ ಕುಣಿಕೆಯನ್ನು ಕಳುಹಿಸಿ, ಹೊಟ್ಟೆ ಕೊಯ್ಯದೆಯೇ ಪಾಲಿಪನ್ನು ತೆಗೆಯುವ ಮಾರ್ಗವನ್ನು ತೋರಿಸಿದರು.

ನಳಿಕೆಯು ಬೆರಳಿನ ಗಾತ್ರದ್ದು. ತುದಿಯಲ್ಲಿ ದೀಪವೂ ಕ್ಯಾಮೆರಾವೂ ಇರುವುವು. ಪರೀಕ್ಷೆಗೆ ಮುಂಚೆ ವೈದ್ಯರು ಹೇಳಿದಷ್ಟು ದಿವಸ ರಾಗಿಮುದ್ದೆ, ಸೊಪ್ಪು, ಕಾಳುಗಳನ್ನು ಬಿಡಬೇಕು. ಹಿಂದಿನ ದಿವಸ ಎಳನೀರಿನಂಥ ತಿಳಿಯಾದ ಪಾನೀಯಗಳೊಡನೆ ಭೇದಿಯ ಔಷಧವನ್ನು ಪೂರ್ಣವಾಗಿ ಕುಡಿಯಬೇಕು. ಕರುಳು ಶುದ್ಧವಾಗದಿದ್ದರೆ ಗಂಟು ಕಣ್ಣಿಗೆ ಬೀಳದು. ಸಿಹಿಮೂತ್ರಕ್ಕೂ ರಕ್ತ ತೆಳುವಾಗಲೂ ಔಷಧ ಸೇವಿಸುವವರು ಮೊದಲೇ ತಿಳಿಸಬೇಕು. ಸಾಮಾನ್ಯವಾಗಿ ಮಂಪರಿನ ಔಷಧವನ್ನು ಕೊಡುವರು. ಅರ್ಧ ಗಂಟೆಯ ಆಸುಪಾಸಿನಲ್ಲಿ ಕೆಲಸ ಮುಗಿಯುವುದು. ಅನಂತರ ಹೊಟ್ಟೆಯುಬ್ಬರ ಸಹಜ. ರಕ್ತಸ್ರಾವ, ಕರುಳು ತೂತಾಗುವುದು ಮೊದಲಾದ ಅಪಾಯಗಳುಂಟು, ಆದರೆ ಅಪರೂಪ. ಆ ದಿವಸ ವಾಹನ ನಡೆಸದೆ, ಜೊತೆಗೊಬ್ಬರನ್ನು ಕರೆದೊಯ್ಯಬೇಕು.

ನಮ್ಮ ಮಿತ್ರರು ಹಾಸನಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಂಡರು. ಎರಡು ಗಂಟುಗಳು ಕಂಡುವು, ಅಲ್ಲಿಯೇ ತೆಗೆದರು. ಅವುಗಳ ಗುಣವೇನೆಂಬ ವರದಿ ಇನ್ನೂ ಬರಬೇಕಾಗಿದೆ. ಹಿಂದಿನ ವರುಷವೇ ಮಡದಿಯೊಡನೆ ಈ ಮಾತನ್ನಾಡಿದ್ದರೆ ಇಷ್ಟು ಕಳವಳವಿರುತ್ತಿರಲಿಲ್ಲವೆಂದು ಈಗ ಅವರೇ ಹೇಳುತ್ತಾರೆ. ಗೃಹಸ್ಥರು ಮಲದಲ್ಲಿ ರಕ್ತ ಕಂಡರೆ, ಮಲದ ರೂಢಿ ವಾರಗಟ್ಟಲೆ ಬದಲಾದರೆ, ಕಾರಣವಿಲ್ಲದೆ ರಕ್ತಹೀನತೆಯಾದರೆ ಸಂಕೋಚಪಡದೆ ವೈದ್ಯರಿಗೆ ಹೇಳತಕ್ಕದ್ದು. ಒಡಹುಟ್ಟಿದವರಿಗಾಗಲಿ ತಂದೆತಾಯಿಗಳಿಗಾಗಲಿ ಈ ರೋಗವಿದ್ದವರು, ಲಕ್ಷಣವಿಲ್ಲದಿದ್ದರೂ, ಪರೀಕ್ಷೆಯ ಕಾಲವನ್ನು ವೈದ್ಯರಲ್ಲಿ ಕೇಳಿ ತಿಳಿಯುವುದು ಲೇಸು.