ಹರಿದ ಪುಸ್ತಕಗಳ ಲೆಕ್ಕ ಕೊಡಿ

ಶಾಲಾ ಸಮಾರಂಭಗಳಲ್ಲಿ ಮೈಕು ಕೈಗೆ ಬಂದವರೆಲ್ಲ ಹೇಳುವ ಮಾತೊಂದಿದೆ: ಈಗಿನ ಮಕ್ಕಳು ಓದುವುದೇ ಇಲ್ಲ, ಮೊಬೈಲು ಅವರನ್ನು ಕೆಡಿಸಿತು. ಪಾಲಕರು ಚಪ್ಪಾಳೆ ತಟ್ಟುತ್ತಾರೆ. ಬಳ್ಳಾರಿಯ ಗಾಂಧಿನಗರದಲ್ಲಿದ್ದುಕೊಂಡು ಇಬ್ಬರು ಮಕ್ಕಳನ್ನು ಶಾಲೆಗೆ ಕಳಿಸುವ ನನಗೆ ಈ ಚಪ್ಪಾಳೆ ಸಾಕಾಗಿದೆ. ಮೊಬೈಲು ಮನೆಯಲ್ಲಿ ಕೈಗೆಟುಕುವಂತೆ ಬಿದ್ದಿರುತ್ತದೆ. ಪುಸ್ತಕ ಶಾಲೆಯ ಬೀರುವಿನಲ್ಲಿ ಬೀಗದೊಳಗಿರುತ್ತದೆ. ಮಕ್ಕಳು ತೆರೆದಿರುವ ಕಡೆಗೆ ಹೋಗುತ್ತಾರೆ. ಇದರಲ್ಲಿ ಅವರ ತಪ್ಪೇನು?

ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕಗಳ ಜೊತೆ ಕಥೆ ಪುಸ್ತಕಗಳೂ ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುತ್ತದೆ. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಒಂದು ಬೀರು ನಿಲ್ಲಿಸಿದರೆ ಕಾಯ್ದೆಯ ಬಾಯಿ ಮುಚ್ಚಿದಂತೆ. ಅಂಥ ಬೀರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗಾಜಿನ ಹಿಂದಿನ ಪುಸ್ತಕಗಳು ಹೊಸದಾಗಿಯೇ ಇರುತ್ತವೆ, ಹೊಸದಾಗಿಯೇ ಹಳತಾಗುತ್ತವೆ.

ಬೀಗ ಹಾಕುವ ಶಿಕ್ಷಕರನ್ನು ನಾನು ಬೈಯುವುದಿಲ್ಲ. ಪುಸ್ತಕ ಕಳೆದರೆ ದಾಸ್ತಾನು ವಹಿಯ ಮುಂದೆ ನಿಲ್ಲಬೇಕಾದವರು ಅವರು. ಅದೇ ಪುಸ್ತಕವನ್ನು ಹತ್ತು ವರ್ಷ ಯಾರೂ ಮುಟ್ಟದಿದ್ದರೆ ಅವರನ್ನು ಕೇಳುವವರಿಲ್ಲ. ಕಳೆದದ್ದಕ್ಕೆ ದಂಡ, ಓದಿಸದಿದ್ದುದಕ್ಕೆ ಕ್ಷಮೆ: ಇಂಥ ಲೆಕ್ಕದಲ್ಲಿ ಜಾಣರು ಬೀಗವನ್ನೇ ಹಾಕುತ್ತಾರೆ. ಬದಲಾಗಬೇಕಾದದ್ದು ಈ ಲೆಕ್ಕ.

ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್, ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು 1931ರಲ್ಲೇ ಬರೆದುಕೊಟ್ಟರು. ಮೊದಲನೆಯದೇ ಪುಸ್ತಕ ಬಳಕೆಗೆ ಇರುವುದು ಎಂಬ ಅರ್ಥದ್ದು. ಜಗತ್ತಿನ ಗ್ರಂಥಪಾಲಕರೆಲ್ಲ ಕಲಿತ ಆ ಪಾಠ ನಮ್ಮ ಶಾಲೆಯ ಬೀರುವಿನವರೆಗೆ ಇನ್ನೂ ಬಂದಿಲ್ಲ.

‘ಮಕ್ಕಳ ಕೈಗೆ ಕೊಟ್ಟರೆ ಹರಿದುಹಾಕುತ್ತಾರೆ’ ಎನ್ನುತ್ತಾರೆ. ಹೌದು, ಹರಿಯುತ್ತಾರೆ. ಸೀಮೆಸುಣ್ಣ ಸವೆಯುತ್ತದೆ, ಬಿಸಿಯೂಟದ ಅಕ್ಕಿ ಕರಗುತ್ತದೆ. ವರ್ಷದ ಕೊನೆಗೆ ಅವನ್ನು ವಾಪಸು ಕೊಡಿ ಎಂದು ಯಾರೂ ಕೇಳುವುದಿಲ್ಲ. ಕಥೆ ಪುಸ್ತಕವನ್ನೂ ಹಾಗೆಯೇ ಕಾಣಬೇಕು. ಇಷ್ಟು ಪುಸ್ತಕ ವರ್ಷವರ್ಷವೂ ಓದಿನಲ್ಲೇ ಸವೆದುಹೋಗುತ್ತವೆ ಎಂದು ಇಲಾಖೆಯೇ ಬರೆದುಕೊಟ್ಟರೆ ಶಿಕ್ಷಕರ ಅರ್ಧ ಭಯ ಹೋಗುತ್ತದೆ.

ಬೀರು ತೆರೆದ ಶಾಲೆಗಳಲ್ಲಿ ಇನ್ನೊಂದು ಬೀಗವಿದೆ: ಪ್ರಶ್ನೆ. ಕಥೆ ಮುಗಿಯಿತೋ ಇಲ್ಲವೋ, ಇದರ ನೀತಿಯೇನು, ಸಾರಾಂಶ ಬರೆ, ಸ್ಪರ್ಧೆಯಲ್ಲಿ ಮಾತಾಡು! ನೀತಿ ಕೇಳಿಯೇ ನಾವು ಕಥೆಯ ಮೇಲಿನ ಆಸೆ ಕೊಲ್ಲುತ್ತೇವೆ. ಅಂದಿನ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿ, ಕನ್ನಡವನ್ನು ಕಡೆಗಣಿಸಿದ್ದವರು, ಅನಕೃ ಅವರ ‘ಸಂಧ್ಯಾರಾಗ’ ಓದಿ ಕನ್ನಡಕ್ಕೆ ತಿರುಗಿದರು. ಆ ಕಾದಂಬರಿಯ ಕೊನೆಗೆ ಐದು ಅಂಕದ ಪ್ರಶ್ನೆ ಇರಲಿಲ್ಲ.

ನಮ್ಮ ಊರಿಗೆ ಇನ್ನೊಂದು ಮಾತು ಸೇರಿಸಬೇಕು. ಬಳ್ಳಾರಿಯಲ್ಲಿ ಒಂದೇ ತರಗತಿಗೆ ಕನ್ನಡದ, ತೆಲುಗಿನ, ಉರ್ದುವಿನ, ಲಂಬಾಣಿಯ ಮನೆಗಳಿಂದ ಮಕ್ಕಳು ಬರುತ್ತಾರೆ. ಅವರಲ್ಲಿ ಹಲವರಿಗೆ ಅಚ್ಚಿನ ಕನ್ನಡವೆಂದರೆ ಪಠ್ಯಪುಸ್ತಕದ ಕನ್ನಡ, ಅಂದರೆ ಪರೀಕ್ಷೆಯ ಕನ್ನಡ. ಅದು ನಗಿಸಬಲ್ಲದು, ಹೆದರಿಸಬಲ್ಲದು ಎಂದು ಗೊತ್ತಾಗಬೇಕಾದರೆ ಯಾರಾದರೂ ದಿನಕ್ಕೆ ಹದಿನೈದು ನಿಮಿಷ ದನಿಯೆತ್ತಿ ಓದಿ ಹೇಳಬೇಕು. ಇದಕ್ಕೆ ಸ್ಮಾರ್ಟ್ ಬೋರ್ಡ್ ಬೇಕಿಲ್ಲ.

ಹಣವಿಲ್ಲ ಎನ್ನಬೇಡಿ. ಗಾಂಧಿನಗರದ ಮನೆಗಳವರೂ ಆಸ್ತಿ ತೆರಿಗೆಯ ಪ್ರತಿ ನೂರು ರೂಪಾಯಿಗೆ 6 ರೂಪಾಯಿಯನ್ನು ಗ್ರಂಥಾಲಯ ಕರವಾಗಿ ಕಟ್ಟುತ್ತಾರೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ತಂದ ಕರ ಅದು. ಆ ಹಣದ ಪುಸ್ತಕಗಳು ಪೆಟ್ಟಿಗೆಗಳಲ್ಲಿ ಶಾಲೆಯಿಂದ ಶಾಲೆಗೆ ಸುತ್ತಲಿ. ಹಳ್ಳಿಗಳ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಮನಸ್ಸು ಮಾಡಿದರೆ ಸರ್ಕಾರಕ್ಕೂ ಆಗುತ್ತದೆ ಎಂದಾಯಿತು.

ಎಸ್‌ಡಿಎಂಸಿ ಸಭೆಯೋ ಪಾಲಕರ ಸಭೆಯೋ, ಮುಂದಿನ ಬಾರಿ ಹೋದಾಗ ಒಂದೇ ಪ್ರಶ್ನೆ ಕೇಳಿ. ಎಷ್ಟು ಪುಸ್ತಕಗಳಿವೆ ಎಂದಲ್ಲ, ಕಳೆದ ವರ್ಷ ಎಷ್ಟು ಹರಿದವು ಎಂದು. ‘ಒಂದೂ ಇಲ್ಲ’ ಎಂಬ ಉತ್ತರ ಬಂದರೆ ದಯವಿಟ್ಟು ಚಪ್ಪಾಳೆ ತಟ್ಟಬೇಡಿ.